ಆ ಒಂದು ವೋಟು

ಜಯತೀರ್ಥ ಹೊಗಳಲೆಂದೇ ಆಡಿದ ಮಾತು ಅದು. ಎಪ್ಪತ್ತೇಳರ ಸಂಕ್ರಾಂತಿಯ ಬೆಳಿಗ್ಗೆ, ಕಡಲಾಚೆಯ ಮೆಟುಚೆನ್ ಪಟ್ಟಣದ ತಮ್ಮ ಅಡಿಗೆಮನೆಯಲ್ಲಿ ಅಶ್ವತ್ಥನಾರಾಯಣ ಅಂಕಲ್ ಊರಿನಿಂದ ಬಂದ ಹಳೆಯ ಪತ್ರಿಕೆ ಬಿಡಿಸಿಕೊಂಡು, ಎಮರ್ಜೆನ್ಸಿ ಬಂದ ಮೇಲೆ ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ಓದಿ ಹೇಳಿದರು. ಮೊದಲು ಹೊಟ್ಟೆ, ಆಮೇಲೆ ವೋಟು ಎಂಬುದು ಅವರ ಸಿದ್ಧಾಂತ. ಇಲ್ಲಿನ ಕನ್ನಡ ಸಂಘವನ್ನೇ ನೋಡು, ಚುನಾವಣೆಯಿಲ್ಲದೆ ಐದು ವರ್ಷದಿಂದ ತಾನೇ ಅಧ್ಯಕ್ಷ, ಒಂದು ಸಲವಾದರೂ ಊಟ ತಡವಾಗಿದೆಯೇ ಎಂದು ಕೇಳಿದರು.

ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಜಯತೀರ್ಥನ ಬಾಯಿ ತುಂಬ ಉಪ್ಪಿಟ್ಟು. "ಎಲೆಕ್ಷನ್ ಇಟ್ರೂ ನೀವೇ ಗೆಲ್ತೀರಿ ಬಿಡಿ, ಅಂಕಲ್," ಎಂದ.

ಅಂಕಲ್ ಪತ್ರಿಕೆ ಮಡಿಸಿದರು. "ಇಟ್ಟೇಬಿಡೋಣ. ಇವತ್ತೇ."

ಜಯತೀರ್ಥ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ, ಹೀಟರಿನ ಪಕ್ಕದಲ್ಲಿ ಮಂಚ, ಮನೆಯೊಡತಿ ರಮಾಮಣಿ ಆಂಟಿಯ ಸಾರು. ಕಾರಿಲ್ಲದ ಬ್ರಹ್ಮಚಾರಿಗೆ ಇಂಥ ರೂಮು ಇನ್ನೊಂದು ಸಿಗುವುದಿಲ್ಲ. ಅಂಕಲ್ ಸೋತರೆ ಅದು ಯಾರ ತಲೆಗೆ ಸುತ್ತಿಕೊಳ್ಳುತ್ತದೆಂದು ಅವನಿಗೆ ತಿಳಿದಿತ್ತು.

ಮಧ್ಯಾಹ್ನ ಸಂಘದ ಇಪ್ಪತ್ತಮೂರು ಜನ ಸೇರಿದರು. ಎಳ್ಳು ಬೆಲ್ಲ ತಿಂದ ದಿನ ಕಹಿ ಮಾತು ಆಡುವಂತಿಲ್ಲ. ಎಳ್ಳು ಕೊಟ್ಟವರೆಲ್ಲ ಅಂಕಲ್‌ಗೆ, ನಮ್ಮ ವೋಟು ನಿಮಗೇ ಎಂದರು. ಎದುರಿಗೆ ನಿಂತವನು ಧಾರವಾಡದ ಅಮರೇಶ್ವರ.

"ಬಿಸಿ ಊಟ ಸಿಗತೈತಂತ ಬಾಯಿ ಮುಚ್ಕೊಂಡ ಕುಂತ್ರ ಹೆಂಗ್ರಿ?" ಎಂದ ಅವನು. "ಊಟ ತಣ್ಣಗಾದ್ರೂ ಅಡ್ಡಿಲ್ಲ, ಕೇಳೂ ಹಕ್ಕು ನಮ್ದಿರಲಿ."

ಜಯತೀರ್ಥನಿಗೆ ಅಂಕಲ್ ಮಾತಾಡುವಾಗ ಅಂಕಲ್ ಸರಿ, ಅಮರೇಶ್ವರ ಮಾತಾಡುವಾಗ ಅಮರೇಶ್ವರ ಸರಿ ಎನ್ನಿಸಿತು. ಮದುವೆಮನೆಯಲ್ಲಿ ಎರಡು ಎಡಗಾಲಿನ ಚಪ್ಪಲಿ ಸಿಕ್ಕವನ ಹಾಗೆ ನಿಂತಿದ್ದು, ಕೊನೆಗೆ ಸಾರನ್ನು ನೆನೆದು ಅಂಕಲ್ ಹೆಸರು ಬರೆದ. ಇದು ತತ್ವವೋ ಲಂಚವೋ ಎಂಬ ಅನುಮಾನ ಮಾತ್ರ ಚೀಟಿ ಹಾಕಿದ ಮೇಲೂ ಹೋಗಲಿಲ್ಲ.

ಸದಸ್ಯರಲ್ಲೊಬ್ಬರಾದ ಡಾಕ್ಟರ್ ಅನಸೂಯ ಚೀಟಿ ಎಣಿಸಿದರು. ಅಮರೇಶ್ವರನಿಗೆ ಇಪ್ಪತ್ತೆರಡು, ಅಶ್ವತ್ಥನಾರಾಯಣರಿಗೆ ಒಂದು.

ತನಗೆ ತಾನೇ ವೋಟು ಹಾಕಿಕೊಳ್ಳುವುದು ಮರ್ಯಾದೆಯಲ್ಲವೆಂದು ಅಂಕಲ್ ಎದುರಾಳಿಯ ಹೆಸರು ಬರೆದಿದ್ದರು. ಅಮರೇಶ್ವರನಿಗೆ ಅಂಥ ಸಂಕೋಚವಿರಲಿಲ್ಲ.

ಎಳ್ಳಿನ ಸಿಹಿ ಇನ್ನೂ ಎಲ್ಲರ ನಾಲಿಗೆಯ ಮೇಲಿತ್ತು. ಒಬ್ಬೊಬ್ಬರಾಗಿ ಬಂದು, ಅಂಕಲ್‌ರ ಕೈ ಹಿಡಿದು, ಆ ಒಂದು ವೋಟು ನನ್ನದೇ ಎಂದು ಪಿಸುಗುಟ್ಟಿ ಹೋದರು. ಐದು ವರ್ಷದಿಂದ ಸಂಘದ ಪೊಂಗಲ್ ಬೇಯಿಸಿದ ರಮಾಮಣಿಯೂ ಹಾಗೇ ಹೇಳಿದರು. ಹಿರಿಯರು ಮೊದಲೆಂದು ಹಿಂದೆ ಸರಿದಿದ್ದ ಜಯತೀರ್ಥನ ಸರದಿ ಬರುವಷ್ಟರಲ್ಲಿ ಇಪ್ಪತ್ತು ಜನ ಹೇಳಿ ಆಗಿತ್ತು.

"ಆ ವೋಟು ನಂದು, ಅಂಕಲ್."

ಅಂಕಲ್ ದಣಿದ ಕಣ್ಣೆತ್ತಿದರು. "ನೀನೂನಾ? ನನ್ನ ಹೆಂಡ್ತಿ ಕೂಡ ಇದನ್ನೇ ಹೇಳಿದ್ಲು. ನೀನಾದ್ರೂ ನಿಜ ಹೇಳೋ, ಜಯತೀರ್ಥ."

ಜಯತೀರ್ಥ ಲೆಕ್ಕ ಹಾಕಿದ. ನಿಜವನ್ನು ಇವರು ನಂಬುವುದಿಲ್ಲ. ನಂಬುವಂಥದ್ದು ಉಳಿದಿರುವುದು ಒಂದೇ.

"ಅಮರೇಶ್ವರಂಗೆ ಹಾಕ್ದೆ, ಅಂಕಲ್," ಎಂದ ಮೆಲ್ಲಗೆ.

ಅಂಕಲ್ ಅವನನ್ನು ಬಾಚಿ ತಬ್ಬಿಕೊಂಡರು. "ಇಷ್ಟು ಜನದಲ್ಲಿ ಸತ್ಯವಂತ ನೀನೊಬ್ಬನೇ ಕಣೋ," ಎಂದು ಕಣ್ಣೊರೆಸಿಕೊಂಡರು. ಬೆನ್ನು ತಟ್ಟಿದರು. ಆಮೇಲೆ ಅದೇ ಪ್ರೀತಿಯಿಂದ ಕೇಳಿದರು:

"ರೂಮು ಯಾವತ್ತು ಖಾಲಿ ಮಾಡ್ತೀಯ?"