ಸೋದರತ್ತೆಯ ಇಂಡೋನೇಷ್ಯಾ ಧಾರಾವಾಹಿ

ನ್ಯೂಜೆರ್ಸಿಯ ಕನ್ನಡಿಗರಲ್ಲಿ ಇಂಡೋನೇಷ್ಯಾದ ಭಾಷೆಯನ್ನು ಸಲೀಸಾಗಿ ಅರ್ಥ ಮಾಡಿಕೊಳ್ಳುವವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಮಾತ್ರ. ಆ ಭಾಷೆ ಅವರಿಗೆ ಬರುವುದಿಲ್ಲ ಎಂಬುದು ಬೇರೆ ಮಾತು!

ಧಾರವಾಡದವರಾದ ಅತ್ತೆ ತಮ್ಮ ಗಂಡ, ಅಂದರೆ ನನ್ನ ಮಾಮ, ತೀರಿಕೊಂಡ ಮೇಲೂ ಮೆಟುಚೆನ್ನಿನ ಅಪಾರ್ಟ್‌ಮೆಂಟ್ ಬಿಟ್ಟು ಕದಲಲಿಲ್ಲ. ಕೆಳಗಿನ ಮನೆಗೆ ಜಾವಾ ಕಡೆಯ ಹೆಂಗಸೊಬ್ಬರು ಬಂದರು. ತಪ್ಪಿ ಬಂದ ಪಾರ್ಸೆಲ್ ಕೊಡಲು ಹೋದ ಅತ್ತೆಗೆ ಅವರ ಗೋಡೆಯ ಮೇಲೊಂದು ತೊಗಲುಗೊಂಬೆ ಕಂಡಿತು. ದಪ್ಪ ಮೈ, ಉದ್ದ ಉಗುರು. "ಭೀಮ?" ಎಂದರಂತೆ ಅತ್ತೆ. "ಬಿಮಾ" ಎಂದರಂತೆ ಆಕೆ. ಸ್ನೇಹಕ್ಕೆ ಇನ್ನೇನು ಬೇಕು? ಆಕೆಯ ಮಗಳು ತಾಯಿಯನ್ನು 'ಇಬು', ಅಂದರೆ ಅಮ್ಮ, ಎಂದು ಕರೆಯುತ್ತಿದ್ದಳು. ಅತ್ತೆ ಅದಕ್ಕೊಂದು 'ಬಾಯಿ' ಜೋಡಿಸಿ 'ಇಬೂಬಾಯಿ' ಮಾಡಿಕೊಂಡರು.

ಅಂದಿನಿಂದ ದಿನಾ ಸಂಜೆ ಇಬ್ಬರೂ ಒಂದೇ ಸೋಫಾದ ಮೇಲೆ ಕೂತು ಜಕಾರ್ತಾದ ಧಾರಾವಾಹಿ ನೋಡತೊಡಗಿದರು. ನಡುವೆ ತಬಲಾ ಬಾರಿಸುವ ಡಾಂಗ್‌ಡುಟ್ ಹಾಡು ಬಂದರೆ ಸೋಫಾದ ಎರಡೂ ಕೈಗಳ ಮೇಲೆ ತಾಳ. ನಾನು ಹೋಬೋಕನ್‌ನಿಂದ ಟ್ರೈನ್ ಹಿಡಿದು ಹೋದಾಗಲೆಲ್ಲ ಅತ್ತೆ ನನಗೆ ಕಥೆ ಒಪ್ಪಿಸುತ್ತಿದ್ದರು. ನಾಯಕ ಮಠ ಬಿಟ್ಟು ಬಂದ ಸ್ವಾಮಿಯಂತೆ. ನಾಯಕಿ ಬಸುರಿ. ದೋಸೆಯ ಬಯಕೆ ತಡೆಯಲಾರದೆ "ದೋಸಾ, ದೋಸಾ" ಎಂದು ಅಳುತ್ತಾಳಂತೆ. ಅವಳ ದುಷ್ಟ ಅತ್ತೆ ಒಂದು ದೋಸೆಯನ್ನೂ ಹುಯ್ದುಕೊಡುವುದಿಲ್ಲ!

ಒಮ್ಮೆ ಇಬೂಬಾಯಿಯ ಮಗಳು ಸಿಕ್ಕಾಗ ಈ ಕಥೆ ನಿಜವೇ ಎಂದು ಕೇಳಿದೆ. ಆಕೆ ನಕ್ಕು ನಕ್ಕು ಸುಸ್ತಾಗಿ ಇಂಗ್ಲಿಷಿನಲ್ಲಿ ವಿವರಿಸಿದಳು. 'ಸುವಾಮಿ' ಅಂದರೆ ಗಂಡ. 'ದೋಸಾ' ಅಂದರೆ ಪಾಪ, ನಮ್ಮ ದೋಷವೇ. ಬಸುರಿಯೂ ಇಲ್ಲ, ಬಯಕೆಯೂ ಇಲ್ಲ. ನಾನು ಹೋಗಿ ಅತ್ತೆಗೆ ವರದಿ ಒಪ್ಪಿಸಿದೆ. ಅವರು ಕಿಂಚಿತ್ತೂ ಅಲುಗಲಿಲ್ಲ.

"ಆ ಹುಡುಗಿ ಇಲ್ಲೇ ಬೆಳದಾಕಿ. ಆಕಿಗೆಲ್ಲಿ ತನ್ನ ಭಾಷಾ ತಿಳೀತದ?"

ಹೋದ ಚಳಿಗಾಲದಲ್ಲಿ ಇಬೂಬಾಯಿಯ ಒಂದು ಕಣ್ಣಿನ ಒಳಪದರ ಕಿತ್ತುಬಂದು ಸರ್ಜರಿಯಾಯಿತು. ಇನ್ನೊಂದು ಕಣ್ಣು ಮೊದಲಿನಿಂದಲೂ ಮಂಜು. ವಾರಪೂರ್ತಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದರು ಡಾಕ್ಟರು. ನೋಟ ಆಮೇಲೆ ಸುಮಾರಾಗಿ ಬಂತೆನ್ನಿ. ಆದರೆ ಆ ವಾರ ಅದು ಯಾರಿಗೂ ಗೊತ್ತಿರಲಿಲ್ಲ. ಮಗಳು ಕೆಲಸಕ್ಕೆ ಹೋದಾಗ ಅತ್ತೆಯದೇ ಕಾವಲು.

ನಾನು ಸಾರು ಮಾಡಿಕೊಂಡು ಹೋದೆ. ಇಬೂಬಾಯಿ ದಿಂಬಿಗೆ ಹಣೆಯಾನಿಸಿ ಬಾಗಿ ಕೂತಿದ್ದರು. ಟಿ.ವಿ. ನಡೆದಿತ್ತು. ಮಾತು ಅವರಿಗೆ ಕೇಳುತ್ತಿತ್ತು. ಮಾತಿಲ್ಲದೆ ಬರೀ ಪಿಟೀಲು ಕೊಯ್ಯುವ ದೃಶ್ಯ ಬಂದಾಗ ಅತ್ತೆ ಅಪ್ಪಟ ಧಾರವಾಡ ಕನ್ನಡದಲ್ಲಿ ಹೇಳುತ್ತಿದ್ದರು: "ಈಗ ಆಕಿ ಬಾಗಲಾ ತಗದ್ಲು. ಒಳಗ ಯಾರೂ ಇಲ್ಲ. ಹಂಗ ನಿಂತಾಳ." ಇಬೂಬಾಯಿ ದಿಂಬಿನೊಳಗಿಂದ "ಓ" ಎನ್ನುತ್ತಿದ್ದರು. ಕಣ್ಣು ಒಬ್ಬರದು, ಕಿವಿ ಇನ್ನೊಬ್ಬರದು. ಧಾರಾವಾಹಿ ಸಾಂಗವಾಗಿ ಸಾಗಿತ್ತು.

ಕಂತು ಮುಗಿಯಿತು. ಅತ್ತೆ ಟಿ.ವಿ. ಆರಿಸಿದರು. ಸದ್ದಡಗಿದ ಮೇಲೆ ಇಬೂಬಾಯಿಯ ಬೆನ್ನು ನಡುಗುತ್ತಿರುವುದು ಕಂಡಿತು, ಅಳುತ್ತಿದ್ದರು. ದಿಂಬಿನೊಳಗಿಂದಲೇ "ಚೆರಿತಾ" ಎಂದರು. ಕಥೆ ಹೇಳು ಎಂದು. ಇದನ್ನು ಮಾತ್ರ ಅತ್ತೆ ಸರಿಯಾಗಿಯೇ ಅರ್ಥ ಮಾಡಿಕೊಂಡರು.

ಮಾಮ ತೀರಿಕೊಂಡ ದಿನದ ಬಗ್ಗೆ ಅತ್ತೆ ನಮ್ಮೆದುರು ಎಂದೂ ಬಾಯಿ ಬಿಟ್ಟವರಲ್ಲ. ನಾವೂ ಕೇಳಿದವರಲ್ಲ.

"ಅವತ್ತ ಅವರು ಗಡ್ಡಾ ಮಾಡ್ಕೊಳ್ಳಾಕ ಒಳಗ ಹೋಗಿದ್ರು, ಇಬೂಬಾಯಿ," ಎಂದು ಶುರು ಮಾಡಿದರು. "ಚಹಾ ಆರ್ತದ ಬರ್ರಿ ಅಂತ ಕರದೆ. ಬರಲಿಲ್ಲ. ನಾ ಮತ್ತ ಬಿಸಿ ಮಾಡಿ ಇಟ್ಟೆ."

ಇಬೂಬಾಯಿ ತಲೆ ಎತ್ತುವಂತಿರಲಿಲ್ಲ. ಒಂದು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ಅತ್ತೆಯ ಮೊಣಕಾಲು ಸಿಕ್ಕಿತು. ಅಲ್ಲೇ ಕೈಯಿಟ್ಟು "ಹ್ಞೂಂ" ಎಂದರು.

ಅತ್ತೆ ಕಥೆ ಮುಂದುವರಿಸಿದರು.