ಭಾವನ ಹೋಟೆಲಿಗೆ ಬಂದ ಲೇಟೆಕ್

ನಮ್ಮ ಭಾವನ ಕೈಗೆ ಸಿಕ್ಕಿಯೂ ಕಂಪ್ಯೂಟರಿನಲ್ಲಿ ಉಳಿದುಕೊಂಡ ಸಾಫ್ಟ್‌ವೇರ್ ಯಾವುದಾದರೂ ಇದ್ದರೆ ಅದು ಪುಣ್ಯ ಮಾಡಿದ್ದೆಂದೇ ಹೇಳಬೇಕು! ನನ್ನ ಅಕ್ಕನ ಗಂಡನಾದ ಇವರು ವಡೋದರಾದ ಫತೇಗಂಜಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ನಾನು ಅವರ ಸಹಾಯಕ್ಕಿದ್ದೇನೆ. ಕಿವಿ ಮುರಿದ ಕಪ್, ಕುಂಟುವ ಸ್ಟೂಲು, ಗುರುತಿಲ್ಲದ ಸಾಫ್ಟ್‌ವೇರು, ಎಲ್ಲವನ್ನೂ ಅವರು ಒಂದೇ ಉತ್ಸಾಹದಿಂದ ಹೊರಹಾಕುತ್ತಾರೆ. ಒಮ್ಮೆ ಪ್ರಿಂಟರಿನ ಸಾಫ್ಟ್‌ವೇರನ್ನೇ ಕಿತ್ತುಹಾಕಿ ಇಡೀ ದಿನ ಕೈಯಲ್ಲಿ ಬಿಲ್ಲು ಬರೆದರು. ಸಂಜೆ, "ಕಂಪ್ಯೂಟರು ಎಷ್ಟು ಹಗುರ ಆಯ್ತು ನೋಡು ಮಾರಾಯ!" ಎಂದರು.

ಹೀಗಿರುವಾಗ, ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಅವರ ಮಗಳ ಲ್ಯಾಪ್‌ಟಾಪ್ ಕೆಟ್ಟಿತು. ಪ್ರಾಜೆಕ್ಟ್ ವರದಿ ಕೊಡುವ ದಿನ ಹತ್ತಿರ ಬಂದಿತ್ತು. ಗಣಿತದ ಸೂತ್ರಗಳನ್ನು ಅಂದವಾಗಿ ಅಚ್ಚಿಗೆ ಜೋಡಿಸುವ ಲೇಟೆಕ್ ಎಂಬ ಸಾಫ್ಟ್‌ವೇರನ್ನು ಅವಳು ಕೌಂಟರಿನ ಕಂಪ್ಯೂಟರಿಗೆ ಹಾಕಿಕೊಂಡಳು. ಮರುದಿನವೇ ಭಾವನ ಕಣ್ಣಿಗೆ ಅದು ಬಿತ್ತು.

"ಹೆಸರಲ್ಲೇ ಲೇಟ್ ಉಂಟು. ಬಿಲ್ಲು ತಡ ಆಗುವುದು ಇದರಿಂದಲೇ!" ಎಂದು ಅದರ ಫೋಲ್ಡರನ್ನೇ ಅಳಿಸಿಬಿಟ್ಟರು.

ಹಾಗೆ ಅಳಿಸಿದರೆ ಅದು ಪೂರ್ತಿ ಹೋಗುತ್ತದೆಯೇ? ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು, ಒತ್ತಿದರೆ ಏನೂ ಇಲ್ಲ. ಹೊಸದಾಗಿ ಹಾಕಹೊರಟರೆ "ಆಗಲೇ ಇದೆ" ಎಂಬ ಉತ್ತರ!

"ಪಪ್ಪಾ, ಯೇ ಕ್ಯಾ ಕಿಯಾ!" ಎಂದ ಮಗಳು ಅಳುತ್ತಾ ಕುಳಿತಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲಿ, ಇಲ್ಲವೇ ಗುಜರಾತಿಯಲ್ಲಿ, ಅದೂ ಒಂದೆರಡೇ ಮಾತು. ವರದಿ ಪೆನ್‌ಡ್ರೈವಿನಲ್ಲಿ ಸುರಕ್ಷಿತವಾಗಿದೆಯೆಂದು ತಿಳಿದ ಮೇಲಷ್ಟೇ ಭಾವನಿಗೆ ಹೋದ ಜೀವ ಬಂದದ್ದು.

ಅವಳು ಅಳಿದುಳಿದದ್ದನ್ನೆಲ್ಲ ಕ್ರಮವಾಗಿ ತೆಗೆದು, ಮತ್ತೆ ಹಾಕತೊಡಗಿದಳು. ಡೌನ್‌ಲೋಡ್ ಬೇಗ ಆಗಲೆಂದು ಭಾವ ಗಿರಾಕಿಗಳ ವೈಫೈ ಬಂದ್ ಮಾಡಿ ಪರದೆಗೆ ಕಾವಲು ಕುಳಿತರು. ಲೇಟೆಕ್ಕಿನ ಜೊತೆ ಬರುವ ಚಿಕ್ಕಪುಟ್ಟ ಸಾಫ್ಟ್‌ವೇರುಗಳ ಏನೇನೋ ಹೆಸರುಗಳು ಸಾಲಾಗಿ ಇಳಿಯುತ್ತಿದ್ದವು. ಇದು ಚದುರಂಗದ ಮಣೆ ಬರೆಯಲಿಕ್ಕೆ, ಇದು ಕಾಗದದ ಮೇಲೆ ಕಾಫಿ ಕಲೆ ಮೂಡಿಸಲಿಕ್ಕೆ ಎಂದು ಮಗಳು ಹಿಂದಿಯಲ್ಲಿ ವಿವರಿಸಿದಳು.

ಭಾವ ಎದ್ದೇ ನಿಂತರು. "ಆಯುಷ್ಯವಿಡೀ ಟೇಬಲಿನ ಕಾಫಿ ಕಲೆ ಒರೆಸಿದವ ನಾನು. ಇವರು ಬೇಕಂತಲೇ ಹಾಕ್ತಾರಾ?"

ಆಗಷ್ಟೇ ಅತ್ತಿದ್ದವಳು ನಕ್ಕಳು. ಅಷ್ಟು ಸಾಕಾಯಿತು ಭಾವನಿಗೆ! ತಾನೂ ಕಲಿಯುತ್ತೇನೆಂದು, ಕೆಳಗೆ ದೋಸೆ, ಮೇಲೆ ಪಲ್ಯ ಇರುವ ಭಿನ್ನರಾಶಿ ಬರೆಯಹೊರಟರು. ಡಾಲರ್ ಚಿಹ್ನೆ ಬಿಟ್ಟುಹೋಗಿದೆಯೆಂದು ಕಂಪ್ಯೂಟರು ತಕರಾರು ತೆಗೆಯಿತು. ಸೂತ್ರದ ಎರಡೂ ತುದಿಗೆ ಆ ಚಿಹ್ನೆ ಬೇಕೆಂದು ಅವರಿಗೇನು ಗೊತ್ತು?

"ವಡೋದರಾದಲ್ಲಿ ಕೂತು ಡಾಲರ್ ಕೇಳ್ತದಲ್ಲ! ರೂಪಾಯಿ ಸಾಲದಾ ಇದಕ್ಕೆ?"

ವರದಿ ಸಮಯಕ್ಕೆ ಸರಿಯಾಗಿ ಮುಗಿಯಿತು. ಭಾವ ಅದರ ಪ್ರತಿಯನ್ನು ತಿರುವಿಹಾಕಿ, "ಇದರಲ್ಲಿ ಎಂತ ಉಂಟು ಮಗಾ? ಕನ್ನಡದಲ್ಲಿ ಹೇಳು, ಹಿಂದಿಯಲ್ಲಿ ಗಣಿತ ನನ್ನ ತಲೆಗೆ ಹೋಗುವುದಿಲ್ಲ" ಎಂದರು.

ಅವಳು ಸ್ವಲ್ಪ ಹೊತ್ತು ಶಬ್ದ ಹುಡುಕಿದಳು. "ಪಪ್ಪಾ, ಇದು... ಗಂಟು. ದಾರದ ಗಂಟು. ಬಿಚ್ಚಲಿಕ್ಕೆ ಆಗ್ತದಾ, ಇಲ್ಲವಾ... ಎಳೆಯುವ ಮೊದಲೇ ಹೇಳುವುದು."

ಭಾವ ಪಾರ್ಸೆಲ್ ಕಟ್ಟುವ ದಾರ ತಂದುಕೊಟ್ಟರು. ಅವಳು ಗಂಟು ಹಾಕಿ ತೋರಿಸುತ್ತಾ, ತಡವರಿಸುತ್ತಾ, ಸಿಗದ ಶಬ್ದಗಳನ್ನು ಅಪ್ಪನನ್ನೇ ಕೇಳುತ್ತಾ ಹೇಳಿದಳು. ಮೇಜಿನ ಮೇಲಿನ ಕಾಫಿ ಆರಿಹೋಯಿತು.

ಅವಳು ಒಳಗೆ ಹೋದ ಮೇಲೆ ಕೇಳಿದೆ, "ಅರ್ಥ ಆಯ್ತಾ ಭಾವ?"

"ಒಂದು ಚೂರೂ ಆಗ್ಲಿಲ್ಲ ಮಾರಾಯ" ಎಂದರು ಭಾವ, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಆದರೆ ಎಷ್ಟು ಹೊತ್ತು ಮಾತಾಡಿದಳು ನೋಡು! ನಾಳೆ ಎರಡನೇ ಪುಟ ಹೇಳ್ತಾಳಂತೆ."