ಮಡಿಸೀರೆಗೆ ಕ್ಯಾಮೆರಾ ಕಾವಲು

ಮೂರು ವಾರಗಳಿಂದ ನಾನು ಬರಿಹೊಟ್ಟೆಯಲ್ಲಿ ಕಚೇರಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಡಬ್ಬಿಯೂ ಇಲ್ಲ. ಇದಕ್ಕೆಲ್ಲ ಕಾರಣ ಒಂದು ಸೀರೆ.

ಕೇಳಿ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮ ರಮಾಬಾಯಿ ಈಗ ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಮನೆಯಲ್ಲೇ ಇದ್ದಾರೆ. ಅಡಿಗೆ ಅವರದೇ, ಅದೂ ಕಟ್ಟುನಿಟ್ಟಿನ ಮಡಿಯಲ್ಲಿ. ಹಿಂದಿನ ದಿನ ಒಗೆದು, ಕೋಲಿನಿಂದ ಹಿತ್ತಲ ಬಿದಿರು ಗಳುವಿಗೆ ಏರಿಸಿದ ಸೀರೆಯನ್ನು ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ಮಿಂದು ಅದನ್ನೇ ಉಟ್ಟು ಒಲೆಯ ಮುಂದೆ ನಿಲ್ಲಬೇಕು. ಯಾರಾದರೂ ಮುಟ್ಟಿದರೋ, ಮತ್ತೆ ಒಗೆಯಬೇಕು, ಮತ್ತೆ ಒಣಗಬೇಕು, ಆಮೇಲೆ ಅಡಿಗೆ. ಇಂಥ ಸೀರೆಯ ತುದಿಯಲ್ಲಿ ದಿನಾ ಬೆಳಗಾದರೆ ಒಂದು ಹಿಡಿಯಷ್ಟು ಒದ್ದೆ, ಮುದುರಿದ ಗುರುತು, ಮೇಲೆ ಬಿಳಿ ಟೂತ್‌ಪೇಸ್ಟಿನ ಕಲೆ.

ದೊಡ್ಡಮ್ಮ ಹಲ್ಲುಪುಡಿಯ ಪಕ್ಷ. ಮನೆಯಲ್ಲಿ ಪೇಸ್ಟಿನವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ವಿಜಯಲಕ್ಷ್ಮೀ. ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. (ನನಗಂತೂ ಬರಲೇ ಇಲ್ಲ.)

"ಮುಟ್ಟಿದ್ರ ಮುಟ್ಟೀನಿ ಅನ್ನವಾ. ನಾ ಏನು ನಿನ್ನ ನುಂಗ್ತೀನೇನು?" ಎಂದು ದೊಡ್ಡಮ್ಮ ವಿಜಯಾಳನ್ನು ಕೇಳಿದರು.

"ಅತ್ತಿ, ಮಾರಿ ಒರಸಿಕೊಳ್ಳಲಿಕ್ಕೆ ನನಗ ನಿಮ್ಮ ಒಂಬತ್ತು ಗಜದ ಸೀರಿನೇ ಬೇಕೇನ್ರಿ? ನನ್ನ ಮಾರಿ ಅಷ್ಟು ದೊಡ್ಡದದ ಏನು?"

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ರೀ, ಶುಕ್ರವಾರದೊಳಗ ಕಳ್ಳ ಸಿಗಬೇಕು. ಇಲ್ಲಾಂದ್ರ ನಾ ಕಂಪ್ಲಿಗೆ ನಮ್ಮಮ್ಮನ ಹತ್ರ ಹೋಗ್ತೀನಿ. ನೀವು, ನಿಮ್ಮ ದೊಡ್ಡಮ್ಮ, ಆ ಸೀರಿ, ಮೂರೂ ಮಂದಿ ಸುಖವಾಗಿರ್ರಿ."

ಸತ್ಯಶೋಧನೆಗೆಂದು ಗುರುವಾರ ಕ್ಯಾಮೆರಾ ಅಂಗಡಿಯ ಅಂಜಿನಯ್ಯನನ್ನು ಕರೆತಂದೆ. ಅವನು ಹಿತ್ತಲ ಬಾಗಿಲ ನೆತ್ತಿಗೆ ಏಣಿ ಹಾಕುತ್ತಿದ್ದಂತೆ ದೊಡ್ಡಮ್ಮ ಹತ್ತು ಮಾರು ದೂರದಲ್ಲಿ ನಿಂತು ವಿಚಾರಣೆ ಶುರು ಮಾಡಿದರು.

"ಇದು ಮುಟ್ಟತದೇನಪ್ಪಾ?"

"ಇಲ್ಲಮ್ಮ, ಬರೇ ನೋಡ್ತೈತಿ."

"ನೋಡಿದ್ರ ನಡೀತದ. ಸ್ನಾನ?"

"ಮಳಿ ಬಂದಾಗ ಆಗ್ತೈತ್ರಿ. ವಾಟರ್‌ಪ್ರೂಫ್."

ವಿಜಯಾಳ ಚಿಂತೆ ಬೇರೆ. "ನಾ ತಲಿಗೆ ನೀರು ಹಾಕ್ಕೊಂಡು ಕೂದಲಾ ಬಿಚ್ಚಿ ಇಲ್ಲೇ ಕೂಡ್ತೀನಿ. ಅದು ನಿನ್ನ ಅಂಗಡ್ಯಾಗ ಕಾಣ್ತದೇನು?"

"ಏ, ನಮಗ್ಯಾಕ್ರಿ ಅಕ್ಕಾರ. ಅದೆಲ್ಲಾ ಮ್ಯಾಲೆ ಹೋಗಿ ಕುಂದರ್ತೈತಿ, ಕ್ಲೌಡಿನ್ಯಾಗ." ಅಂಜಿನಯ್ಯ ಸ್ಕ್ರೂಡ್ರೈವರನ್ನು ಆಕಾಶದ ಕಡೆ ತೋರಿಸಿದ.

ದೊಡ್ಡಮ್ಮನೂ ಆಕಾಶ ನೋಡಿದರು. "ಮ್ಯಾಲೆ ನೋಡವನೊಬ್ಬ ಇದ್ದ. ಅವಂಗೂ ಒಬ್ಬ ಜೋಡಿ ಆದನಪ್ಪಾ."

ಯಾವ ಯಾವ ಫೋನಿಗೆ ಹಾಕಲಿ ಎಂದು ಅಂಜಿನಯ್ಯ ಕೇಳಿದ. ನನ್ನದಕ್ಕೆ ಎಂದೆ. "ನಮ್ಮಮ್ಮನ ಫೋನಿಗೂ ಹಾಕು," ಎಂದಳು ವಿಜಯಾ. "ಆರೋಪ ನನ್ನ ಮ್ಯಾಲದ. ನಮ್ಮ ಕಡಿಂದೂ ಒಬ್ಬರು ನೋಡಬೇಕು." ನ್ಯಾಯವಾದ ಮಾತು. ಕಂಪ್ಲಿಯ ಅತ್ತೆಯವರಿಗೆ ಫೋನು ಹೋಯಿತು, ಸಂಖ್ಯೆ ಬಂತು, ಜೋಡಣೆ ಆಯಿತು. "ಇದ್ರಾಗ ಮಾತೂ ಆಡಬೋದ್ರಿ," ಎಂದು ಅಂಜಿನಯ್ಯ ಗುಂಡಿಯೊಂದನ್ನು ಒತ್ತಿದ. ಗೋಡೆಯ ಮೇಲಿಂದ ಅವನದೇ ದನಿ "ಹಲೋ" ಎಂದಿತು. ದೊಡ್ಡಮ್ಮ ಒಳಗೆ ಹೋಗಿ ಇನ್ನೊಂದು ಸಲ ಮಿಂದರು.

ಶುಕ್ರವಾರ. ಸೀರೆಯ ತುದಿ ಮತ್ತೆ ಒದ್ದೆ. ವಿಜಯಾ ಅಟ್ಟದಿಂದ ಬ್ಯಾಗು ಇಳಿಸಿದಳು. ಕಚೇರಿಗೆ ಹೊತ್ತಾಗಿತ್ತು. ಅಲ್ಲಿ ಹೋದ ಕೂಡಲೇ ನೋಡುತ್ತೇನೆ, ಅಲ್ಲಿಯವರೆಗೆ ಬಸ್ ಹತ್ತಬೇಡ ಎಂದು ಬೇಡಿಕೊಂಡು ಓಡಿದೆ.

ಫೈಲಿನ ಮರೆಯಲ್ಲಿ ಫೋನು ತೆರೆದೆ. ಮಬ್ಬುಗತ್ತಲ ಚಿತ್ರ, ಎಲ್ಲ ಬೂದಿ ಬಣ್ಣ. ಆರು ಗಂಟೆ ನಾಲ್ಕು ನಿಮಿಷಕ್ಕೆ ಕ್ಯಾಮೆರಾದ ಕೆಳಗಿನಿಂದ ಒಂದು ಬೋಳುನೆತ್ತಿ ಹೊರಬಂತು. ನೆತ್ತಿಯ ಹಿಂದೆ ಎರಡು ಭುಜ, ಪಟ್ಟಾಪಟ್ಟಿ ಚಡ್ಡಿ. (ಪಟ್ಟಾಪಟ್ಟಿ ಚಡ್ಡಿ ಹೊಸಪೇಟೆಯಲ್ಲಿ ಯಾರ ಹತ್ತಿರ ಇಲ್ಲ?) ಆಸಾಮಿ ನಮ್ಮದೇ ನಲ್ಲಿಯಲ್ಲಿ ಸಾವಕಾಶವಾಗಿ ಹಲ್ಲುಜ್ಜಿದ. ಗಾಳಿಯಲ್ಲಿ ಕೈಯಾಡಿಸಿ ಸೀರೆ ಹಿಡಿದ. ಮುಖ ಒರೆಸಿ, ಕಿವಿ ಒರೆಸಿ, ಬಗ್ಗಿಸಿದ ತಲೆ ಎತ್ತದೆ ಹೋದ.

ಹಲ್ಲುಜ್ಜಿಕೊಂಡು ಮೈಲಿಗೆ ಮಾಡಿ ಹೋಗುವ ಇವನೆಂಥ ಕಳ್ಳ? ಯಾವ ಗೋಡೆ ಹಾರಿ ಬಂದ? ಹೆಂಡತಿಯನ್ನು ಉಳಿಸಿಕೊಳ್ಳಬೇಕು. ತಡಮಾಡದೆ ಆ ವಿಡಿಯೋವನ್ನು ನಮ್ಮ ಓಣಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿ ಬರೆದೆ: "ಈ ಬೋಳುತಲೆಯ ಅಯೋಗ್ಯನನ್ನು ಬಲ್ಲವರು ಕೂಡಲೇ ತಿಳಿಸತಕ್ಕದ್ದು."

ಹತ್ತು ನಿಮಿಷದ ಮೇಲೆ ಎದುರು ಮನೆಯ ಗಂಗಾಂಬಿಕಾ ಟೀಚರು ಬರೆದರು: "ದಿನಾ ನೋಡ್ತೀವಲ್ರಿ."

ದಿನಾ?

ಅಕ್ಕಿ ಅಂಗಡಿ ಅಂದಾನಪ್ಪನವರು: "ನಮ್ಮಲ್ಲಿಗೆ ಅಕ್ಕಿ ಒಯ್ಯಾಕ ಬರ್ತಾರ. ಭಾಳ ಸಭ್ಯಸ್ಥರು."

ಇನ್ನುಳಿದವರೆಲ್ಲ ಬರೀ ಕೈಮುಗಿದ ಚಿತ್ರ ಕಳಿಸಿದರು. ಊರಿಗೆ ಊರೇ ಕಳ್ಳನ ಕಡೆ. ಅರ್ಧ ದಿನ ರಜೆ ಬರೆದು ಮನೆಗೆ ಬಂದೆ.

ಬ್ಯಾಗು ಬಾಗಿಲಲ್ಲಿತ್ತು. ಅದರ ಮೇಲೆ ಕುಳಿತು ವಿಜಯಾ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಪಾಪ, ಅಳುತ್ತಿದ್ದಾಳೆ ಎಂದುಕೊಂಡು, "ಸಮಾಧಾನ ಮಾಡ್ಕೋ, ಕಳ್ಳ ಸಿಕ್ಕಾನ," ಎಂದೆ. ಅವಳ ಭುಜ ಇನ್ನೂ ಕುಣಿಯಿತು.

ಮಡಿಯಲ್ಲಿದ್ದ ದೊಡ್ಡಮ್ಮ ಫೋನು ಮುಟ್ಟುವಂತಿಲ್ಲ. ನಾನು ಹಿಡಿದು ನಿಂತೆ, ಅವರು ದೂರದಿಂದ ಬಗ್ಗಿ ನೋಡಿದರು.

"ಆ ನೆತ್ತಿ ಮ್ಯಾಲಿನ ಗೀರು ಕಾಣ್ತದೇನೋ ಗೋಪಿ?"

"ಕಾಣ್ತದ. ಹಳೇ ಕೇಡಿ ಇರಬೇಕು, ಎಲ್ಲೋ ಹೊಡೆತ ತಿಂದಾನ."

"ಕಾಲುವಿ ಮೆಟ್ಟಿಲ ಮ್ಯಾಲೆ ಬಿದ್ದು ಮೂರು ಹೊಲಿಗಿ ಹಾಕಿಸಿಕೊಂಡ ಕೇಡಿ ಅವ. ಅದಕ್ಕ ಅರಿಶಿಣ ಮೆತ್ತಿದಾಕಿ ನಾನು."

ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಗೀರು ಸಿಕ್ಕಿತು. ಕೂದಲು ಸಿಗಲಿಲ್ಲ.

ಓದುಗರೇ, ಒಂದು ಮಾತು ಹೇಳುತ್ತೇನೆ, ನಂಬಿ. ಕನ್ನಡಿಯಲ್ಲಿ ಮುಂದಿನಿಂದ ನೋಡಿದರೆ ನನಗೆ ಕೂದಲಿದೆ. ಹಿಂದಿನ ಸಮಾಚಾರ ಯಾರೂ ಹೇಳಿರಲಿಲ್ಲ. ಕ್ಷೌರದಂಗಡಿಯವನು ಹಿಂದೆ ಕನ್ನಡಿ ಹಿಡಿದು ತೋರಿಸುತ್ತಾನೆ, ನಿಜ. ಆಗ ನನ್ನ ಕನ್ನಡಕ ಅವನ ಮೇಜಿನ ಮೇಲಿರುತ್ತದೆ. ನಾನು "ಚಲೋ ಆತು" ಎಂದು ಎದ್ದು ಬರುತ್ತೇನೆ. ಬೆಳಿಗ್ಗೆ ಆ ಕನ್ನಡಕ ದಿಂಬಿನ ಪಕ್ಕ ಇರುತ್ತದೆ. ಅದಿಲ್ಲದಿದ್ದರೆ ಗಳುವಿನ ಮೇಲಿರುವುದು ಸೀರೆಯೋ ಟವೆಲೋ, ನನಗೆ ಎಲ್ಲವೂ ಬಟ್ಟೆ.

ಕಂಪ್ಲಿಯ ಅತ್ತೆಯವರು ಬೆಳಿಗ್ಗೆ ಆರಕ್ಕೇ ಎಲ್ಲ ನೋಡಿದ್ದರಂತೆ. ಅಳಿಯನ ಮಾನ ಎಂದು ಮಗಳಿಗೂ ಹೇಳದೆ ಸುಮ್ಮನಿದ್ದರಂತೆ. ಆ ಮಾನವನ್ನು ಓಣಿಯ ಗುಂಪಿಗೆ ಹಾಕಿದವನು ನಾನು.

"ಅಂಜಿನಯ್ಯನ್ನ ಕರಸ್ತೀನಿ. ಈ ದರಿದ್ರ ಇವತ್ತೇ ಬಿಚ್ಚಿಸ್ತೀನಿ. ಮನುಷ್ಯಗ ತನ್ನ ಹಿತ್ತಲದಾಗ ಒಂದು ಮರೆ ಬ್ಯಾಡೇನು?" ಎಂದೆ.

"ಬ್ಯಾಡ, ಇರಲಿ," ಎಂದರು ದೊಡ್ಡಮ್ಮ.

"ಇರಲಿ ಬಿಡ್ರಿ," ಎಂದಳು ವಿಜಯಾ.

ಮೂರು ವಾರಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಬ್ಯಾಗು ಅಟ್ಟಕ್ಕೆ ಹೋಯಿತು.

ಮರುದಿನ ಹಲ್ಲುಜ್ಜಿ, ಕಣ್ಣು ಕಿರಿದು ಮಾಡಿ ಗಳುವಿನ ಕಡೆ ಕೈ ಚಾಚಿದ್ದೆ. ನೆತ್ತಿಯ ಮೇಲಿಂದ ಕಂಪ್ಲಿ ಮಾತಾಡಿತು.

"ಅಳಿಯಂದ್ರ, ಅದು ಸೀರಿ. ಟವೆಲ್ ನಿಮ್ಮ ಎಡಕ್ಕದ."

ನಾನು ಎಡಕ್ಕೆ ಸರಿದು ಮುಖ ಒರೆಸಿಕೊಂಡೆ. ಇಡೀ ಓಣಿಗೆ ಕೇಳುವ ಹಾಗೆ ದನಿ ಮತ್ತೆ ಬಂತು.

"ರಾತ್ರಿ ಮಲಗೂ ಮುಂದ ಆ ನೆತ್ತಿಗಿಷ್ಟು ಹರಳೆಣ್ಣಿ ಹಚ್ಚಿ ನೋಡ್ರಿ. ನಾ ದಿನಾ ನೋಡಿ ಹೇಳ್ತೀನಿ, ಬಂತೋ ಇಲ್ಲೋ ಅಂತ."

ಅವತ್ತು ಎಂಟಕ್ಕೆ ಸರಿಯಾಗಿ ಬಿಸಿ ಉಪ್ಪಿಟ್ಟು ಬಂತು. ತಲೆಗೆ ಟವೆಲು ಸುತ್ತಿಕೊಂಡು ತಿಂದೆ.